ತೋರುನ್ ಏನು ತಿಂದಳು?

ಸುಂಡ್ಸ್‌ವಾಲ್
9 ಸೆಪ್ಟೆಂಬರ್ 2014

ತೋರುನ್,

ನಾನು ಕಾಗದ ಬರೆಯುತ್ತಿದ್ದೇನೆ ಅಂತ ನಗಬೇಡ. ಈ ಚಿಕಿತ್ಸಾ ಮನೆಗೆ ಸೇರಿದ ದಿನವೇ ಮೊಬೈಲ್ ತೆಗೆದಿಟ್ಟುಕೊಂಡರು. ಸಂಜೆ ಸ್ವಲ್ಪ ಹೊತ್ತು ಕೈಗೆ ಕೊಡುತ್ತಾರೆ, ಅಷ್ಟೂ ಹೊತ್ತು ಅಮ್ಮನೇ ಮಾತಾಡುತ್ತಾಳೆ. ಮೊದಲು ನಮ್ಮೂರು ಹೆರ್ನೊಸಂಡ್‌ನ ಹವಾಮಾನ, ಆಮೇಲೆ ಅಪ್ಪನ ಬೆನ್ನುನೋವು, ಕೊನೆಗೆ ‘ಇವತ್ತು ತಿಂದ್ಯಾ?’ ಅಂತ ಕೇಳಿ ಅಳು. ನಿನ್ನ ಜೊತೆ ಮಾತಾಡಲು ನನಗೆ ಉಳಿದಿರುವುದು ಕಾಗದ ಒಂದೇ.

ಊಟದ ಮೇಜಿನಲ್ಲಿ ಒಬ್ಬ ನರ್ಸ್ ನಮ್ಮ ಜೊತೆಗೇ ಕೂರುತ್ತಾಳೆ. ನಮಗೆ ಬಡಿಸಿದ್ದನ್ನೇ ತಾನೂ ತಿನ್ನುತ್ತಾ ನಾಯಿಯ ಕಥೆಯೋ ಸೋದರಮಾವನ ಕಥೆಯೋ ಹೇಳುತ್ತಿರುತ್ತಾಳೆ, ಕಣ್ಣು ಮಾತ್ರ ನಮ್ಮ ತಟ್ಟೆಗಳ ಮೇಲೆ. ನಿನ್ನೆ ನಾನು ಒಂದು ಬೇಯಿಸಿದ ಆಲೂಗಡ್ಡೆಯ ಮುಂದೆ ಕೂತು ಅತ್ತೆ. ನೀನು ನೋಡಿದ್ದರೆ ನಗುತ್ತಿದ್ದೆ, ಇಲ್ಲವೇ ಹೊಡೆಯುತ್ತಿದ್ದೆ. ಇಪ್ಪತ್ತಮೂರು ವರ್ಷದವಳು, ಆಲೂಗಡ್ಡೆಗೆ ಹೆದರಿ ಕೂತಿದ್ದೇನೆ. ತಟ್ಟೆಯಲ್ಲಿರುವುದು ಆಲೂಗಡ್ಡೆ ಅಂತ ಕಣ್ಣಿಗೆ ಗೊತ್ತು. ಮೈಗೆ ಮಾತ್ರ ಅಲ್ಲಿ ಹಾವು ಸುತ್ತಿಕೊಂಡು ಮಲಗಿದ ಹಾಗೆ. ಇದನ್ನು ನಿನಗೆ ಎಷ್ಟು ಹೇಳಿದರೂ ಅರ್ಥವಾಗಲಿಕ್ಕಿಲ್ಲ, ಆಗದಿರುವುದೇ ಒಳ್ಳೆಯದು.

ನಮ್ಮ ಡಾಕ್ಟರ್ ಆಸ್ಪ್ಲುಂಡ್ ಅಂತ, ಅಮ್ಮನ ವಯಸ್ಸಿನವರು. ನನಗೆ ಅವಳಿ ಇದ್ದಾಳೆ, ಅದೂ ತದ್ರೂಪಿ ಅವಳಿ ಅಂದ ಕೂಡಲೇ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಅವಳು ಸರಿಯಾಗಿ ಊಟ ಮಾಡುತ್ತಾಳಾ ಅಂತ ಕೇಳಿದರು. ‘ಅವಳಾ? ತಟ್ಟೆ ನೆಕ್ಕೋ ಜಾತಿ, ಡಾಕ್ಟ್ರೇ. ನಾರ್ವೇಲಿ ಮೀನಿನ ಫ್ಯಾಕ್ಟರಿ ಕ್ಯಾಂಟೀನಲ್ಲಿ ಅಡುಗೆ ಮಾಡ್ತಾಳೆ’ ಅಂದೆ. ನಾನು ನಕ್ಕೆ, ಅವರು ನಗಲಿಲ್ಲ. ಊಟ ಬಿಡುವ ಈ ಕಾಯಿಲೆ ವಂಶದಲ್ಲಿ ಹರಿಯುತ್ತದಾ ಅಂತ ದೊಡ್ಡದೊಂದು ಸಂಶೋಧನೆ ನಡೆಯುತ್ತಿದೆಯಂತೆ. ನಮ್ಮಿಬ್ಬರ ರಕ್ತವೂ ಸಿಕ್ಕರೆ ಉಪಯೋಗ ಅಂದರು.

ಕೊಡುತ್ತೀಯಾ? ಬೇಡ ಅನಿಸಿದರೆ ಬೇಡ. ಆದರೆ ಒಂದು ಸಲ ಬಾ. ರಜೆ ಸಿಗಲಿಲ್ಲ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ನಮ್ಮಿಬ್ಬರಲ್ಲಿ ನೆಟ್ಟಗಿರುವವಳು ನೀನೊಬ್ಬಳೇ. ನಿನ್ನನ್ನು ನೋಡಿದರೆ, ನಾನು ಹೀಗಿರಬೇಕಾಗಿಲ್ಲ ಅಂತ ನನಗೇ ನಂಬಿಕೆ ಬರಬಹುದು.

ನಿನ್ನ
ಹಿಲ್ಲೆವಿ


ಫ್ರೊಯಾ
21 ಸೆಪ್ಟೆಂಬರ್ 2014

ಹಿಲ್ಲೆವಿ ಕಣೇ,

ನಿನ್ನ ಅಕ್ಷರ ಇನ್ನೂ ಅದೇ ಕೋಳಿ ಕಾಲು. ಓದಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ತಣ್ಣಗಾಯಿತು.

ರಜೆ ನಿಜವಾಗಿಯೂ ಇಲ್ಲ. ಸಾಲ್ಮನ್ ಮೀನು ಕೊಯ್ಯುವ ಕಾಲ ಇದು, ಫ್ಯಾಕ್ಟರಿಯಲ್ಲಿ ಮೂರೂ ಪಾಳಿ ನಡೆಯುತ್ತಿದೆ. ನನ್ನ ಅಡುಗೆ ತಿನ್ನುವವರೆಲ್ಲ ತಣ್ಣನೆಯ ಕೋಣೆಯಲ್ಲಿ ಚಾಕು ಹಿಡಿದು ನಿಂತವರು. ಬರುವಾಗ ಬೆರಳುಗಳೇ ಮಡಚುವುದಿಲ್ಲ. ಮೊನ್ನೆ ಮೀನಿನ ಸೂಪು ಮಾಡಿದ್ದೆ. ಮೊದಲು ಬೆಣ್ಣೆಯಲ್ಲಿ ಲೀಕ್ ಈರುಳ್ಳಿಯನ್ನು ಕೆಂಪಾಗದ ಹಾಗೆ ಬಾಡಿಸಬೇಕು, ಅವಸರ ಮಾಡಬಾರದು. ಆಮೇಲೆ ಕ್ಯಾರೆಟ್, ಮೀನಿನ ತಲೆ ಮತ್ತು ಮುಳ್ಳು ಕುದಿಸಿ ಸೋಸಿದ ನೀರು, ಕೊನೆಗೆ ಕೆನೆ. ಮೀನಿನ ತುಂಡುಗಳನ್ನು ಒಲೆ ಆರಿಸಿದ ಮೇಲೆ ಹಾಕಿದರೆ ತಮ್ಮಷ್ಟಕ್ಕೇ ಬೇಯುತ್ತವೆ. ಜೊತೆಗೆ ಬಾರ್ಲಿ ರೊಟ್ಟಿ, ಉಪ್ಪು ಬೆಣ್ಣೆ. ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡರು. ಅವರು ತಿನ್ನುವುದನ್ನು ಸೌಟು ಹಿಡಿದು ನಿಂತು ನೋಡುವುದಿದೆಯಲ್ಲ, ಅದೇ ಒಂದು ಊಟ.

ನನ್ನ ರೂಮಿನಲ್ಲಿ ಮಿಲ್ಡಾ ಅಂತ ಲಿಥುವೇನಿಯಾದ ಹುಡುಗಿ ಇದ್ದಾಳೆ. ಮೀನು ಸೀಳುವ ಕೆಲಸ. ಬಾಯಿ ಜಾಸ್ತಿ. ‘ಎಲ್ರಿಗೂ ಬಡಿಸ್ತೀಯ, ನೀನು ಕೂತ್ಕೊಳ್ಳೋದು ಯಾವಾಗ?’ ಅಂತ ಅತ್ತೆಯ ಹಾಗೆ ಕೇಳುತ್ತಾಳೆ. ಅಡುಗೆ ಮಾಡುವವರು ರುಚಿ ನೋಡಿಯೇ ಹೊಟ್ಟೆ ತುಂಬಿಸಿಕೊಂಡಿರುತ್ತಾರೆ ಅಂತ ಅವಳಿಗೆ ಗೊತ್ತಿಲ್ಲ.

ರಕ್ತದ ವಿಷಯ: ಬೇಡ. ನನ್ನ ರಕ್ತದಲ್ಲಿ ಏನಿದೆಯೋ ಅದು ಅಲ್ಲೇ ಇರಲಿ, ನನಗೆ ತಿಳಿಯುವುದು ಬೇಕಾಗಿಲ್ಲ. ಮೊಬೈಲ್ ಸಿಕ್ಕಾಗ ಮುಖ ಕಾಣುವ ಹಾಗೆ ಕರೆ ಮಾಡಬೇಡ, ಈ ದ್ವೀಪದಲ್ಲಿ ನೆಟ್‌ವರ್ಕ್ ಸರಿ ಇಲ್ಲ. ಅದೂ ಅಲ್ಲದೆ ನಿನ್ನ ಮುಖ ನೋಡಿದರೆ ನನಗೆ ಅಳು ಬರುತ್ತದೆ. ಬರಿ. ನಾನೂ ಬರೆಯುತ್ತೇನೆ.

ಆ ಆಲೂಗಡ್ಡೆಯನ್ನು ತಿಂದೆಯೋ ಇಲ್ಲವೋ ಹೇಳಲೇ ಇಲ್ಲ. ತಿನ್ನು ಮಾರಾಯ್ತಿ.

ತೋರುನ್


ಸುಂಡ್ಸ್‌ವಾಲ್
5 ಅಕ್ಟೋಬರ್ 2014

ತೋರುನ್,

ತಿಂದೆ. ಮುಕ್ಕಾಲು ಗಂಟೆ ಹಿಡಿಯಿತು.

ನಿನಗೆ ನನ್ನ ಮುಖ ನೋಡಲು ಯಾಕೆ ಆಗುವುದಿಲ್ಲ ಅಂತ ನನಗೆ ಅರ್ಥವಾಗಿದೆ. ಅದು ನಿನ್ನದೇ ಮುಖ. ನಿನ್ನ ಕೆನ್ನೆ ಒಳಗೆ ಹೋದರೆ ಹೇಗೆ ಕಾಣುತ್ತದೆ ಅಂತ ನನ್ನಲ್ಲಿ ಕಾಣುತ್ತದೆ. ನನ್ನನ್ನು ಕಂಡರೆ ನಿನಗೆ ಹೇಸಿಗೆ, ಅಲ್ಲವಾ? ಹೇಳಿಬಿಡು, ಬೇಜಾರಿಲ್ಲ. ಬೇಜಾರಿದೆ. ಆದರೂ ಹೇಳು.

ಗುರುವಾರ ಮನೆಯವರನ್ನು ಕರೆಸಿದ್ದರು. ನಮ್ಮ ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತಾ ಅಂತ ಡಾಕ್ಟರ್ ಕೇಳಿದರು. ಅಮ್ಮ ಸೆಟೆದು ಕೂತು, ‘ನಮ್ಮ ಕಡೆ ಯಾರೂ ಇಲ್ಲ, ನಮ್ಮಲ್ಲಿ ಎಲ್ಲರೂ ತಿಂದುಂಡು ಇದ್ದವರು’ ಅಂದಳು. ಅಪ್ಪ ಎಂದಿನ ಹಾಗೆ ಕೂರಲಾರದೆ ಕಿಟಕಿಯ ಹತ್ತಿರ ಓಡಾಡುತ್ತಿದ್ದ. ಹೊರಗೆ ನೋಡುತ್ತಲೇ, ‘ನಮ್ಮ ಎಬ್ಬಾ’ ಅಂದ.

ಅಪ್ಪನಿಗೆ ಒಬ್ಬ ಅಕ್ಕ ಇದ್ದಳು, ಚಿಕ್ಕ ವಯಸ್ಸಿನಲ್ಲೇ ಎದೆ ದುರ್ಬಲವಾಗಿ ಸತ್ತಳು ಅಂತ ನಮಗೆ ಹೇಳಿದ್ದರಲ್ಲ, ಅವಳು. ಎದೆ ಬಡಿತ ನಿಂತದ್ದು ನಿಜ. ಯಾಕೆ ನಿಂತಿತು ಅಂತ ಅವರ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಇಡೀ ಮನೆಗೆ ಅವಳೇ ಅಡುಗೆ ಮಾಡುತ್ತಿದ್ದಳಂತೆ. ಅವಳು ಮಾಡಿದ ಏಲಕ್ಕಿ ಬನ್ನಿಗೆ ಪಕ್ಕದ ಬೀದಿಯವರೂ ಬರುತ್ತಿದ್ದರಂತೆ. ‘ಎಲ್ರಿಗೂ ಹಾಕೋಳು. ನಾವು ತಿಂತಾ ಇದ್ರೆ ಗೋಡೆಗೆ ಒರಗಿ ನಿಂತಿರೋಳು. ಅವಳು ಕೂತು ತಿಂದಿದ್ದು ನನಗೆ ನೆನಪೇ ಇಲ್ಲ’ ಅಂದ ಅಪ್ಪ.

ಅಮ್ಮ ಅವನ ಕಡೆ ತಿರುಗಿದಳು. ‘ಇಷ್ಟು ವರ್ಷ ಒಂದೇ ಮನೇಲಿದ್ವಿ. ಎರಡು ಹೆಣ್ಣುಮಕ್ಕಳು ನಮಗೆ. ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?’ ಅಂತ ಮೆಲ್ಲಗೆ ಕೇಳಿದಳು. ಕಿರುಚಿದ್ದರೆ ವಾಸಿಯಿತ್ತು.

ಡಾಕ್ಟರ್ ಇಬ್ಬರನ್ನೂ ಸಮಾಧಾನ ಮಾಡಿದರು. ಇದು ಒಂದೇ ಜೀನ್ ಮಾಡುವ ಕೆಲಸ ಅಲ್ಲವಂತೆ. ಎಷ್ಟೋ ಜೀನ್‌ಗಳು ಸೇರಿ, ಒಂದೊಂದೂ ಸ್ವಲ್ಪ ಸ್ವಲ್ಪ ಎಳೆಯುತ್ತವಂತೆ. ಸ್ವಭಾವವನ್ನಷ್ಟೇ ಅಲ್ಲ, ಹಸಿವನ್ನು ಮೈ ಹೇಗೆ ತಾಳಿಕೊಳ್ಳುತ್ತದೆ ಅನ್ನುವುದನ್ನೂ. ಯಾರ ತಪ್ಪೂ ಅಲ್ಲ, ಹಣೆಬರಹವೂ ಅಲ್ಲ ಅಂದರು. ಎಲ್ಲರೂ ಹೋದ ಮೇಲೆ ನಾನು ನಿನ್ನ ವಿಷಯ ಕೇಳಿದೆ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಬಹಳ ಹೆಚ್ಚಂತೆ. ಆದರೂ ಎಷ್ಟೋ ಜೋಡಿಗಳಲ್ಲಿ ಇನ್ನೊಬ್ಬರಿಗೆ ಬರುವುದೇ ಇಲ್ಲವಂತೆ.

ನೀನು ಆ ಬರದಿರುವ ಗುಂಪಿನವಳು. ಅದು ನನಗೆ ಗೊತ್ತು. ಆದರೂ ಮೊನ್ನೆಯಿಂದ ಏನೋ ಭಯ.

ಹಿಲ್ಲೆವಿ


ಫ್ರೊಯಾ
2 ನವೆಂಬರ್ 2014

ಹಿಲ್ಲೆವಿ,

ತಡವಾಯಿತು. ಕೆಲಸ.

ಎಬ್ಬಾ ಅತ್ತೆಯ ಕಥೆಯನ್ನು ನನಗೆ ಬರೆಯುವ ಅಗತ್ಯ ಏನಿತ್ತು? ಸತ್ತವಳನ್ನು ಎಬ್ಬಿಸಿ ಈ ದ್ವೀಪದವರೆಗೂ ಕಳಿಸಿದ್ದೀಯ. ಈಗ ಒಲೆಯ ಮುಂದೆ ನಿಂತರೆ ಬೆನ್ನ ಹಿಂದೆ ಯಾರೋ ಗೋಡೆಗೆ ಒರಗಿ ನಿಂತ ಹಾಗಾಗುತ್ತದೆ. ನಿನಗೆ ಅದನ್ನೆಲ್ಲ ಮಾತಾಡಲು ಡಾಕ್ಟರ್ ಇದ್ದಾರೆ. ನನಗೆ ಇಲ್ಲಿ ಇರುವುದು ಪಾತ್ರೆಗಳು.

ಹೇಸಿಗೆ ಅಂತ ನೀನು ಅಂದುಕೊಂಡರೆ ಅಂದುಕೋ. ನಾನು ವಾದ ಮಾಡುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಬೆಳಗ್ಗೆ ಕೆಲಸಕ್ಕೆ ಮುಂಚೆ ಸಮುದ್ರದ ದಂಡೆಗುಂಟ ಓಡುತ್ತೇನೆ. ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ ತಲೆ ಖಾಲಿಯಾಗಿ ಹಗುರವಾಗುತ್ತದೆ. ಇಡೀ ದಿನಕ್ಕೆ ಅಷ್ಟು ಸಾಕು. ಕ್ಯಾಂಟೀನಿನಲ್ಲಿ ಈಗ ಕುರಿ ಮಾಂಸ ಮತ್ತು ಎಲೆಕೋಸಿನ ಕಾಲ. ಒಂದು ಪದರ ಮಾಂಸ, ಒಂದು ಪದರ ಕೋಸು, ನಡುವೆ ಇಡೀ ಮೆಣಸಿನ ಕಾಳು. ಬೆಳಗ್ಗೆ ಒಲೆಗೆ ಏರಿಸಿದರೆ ಮಧ್ಯಾಹ್ನಕ್ಕೆ ಇಡೀ ಕಟ್ಟಡಕ್ಕೆ ವಾಸನೆ ಹಬ್ಬಿರುತ್ತದೆ. ಭಾನುವಾರ ಎಲ್ಲರಿಗೂ ಹುಳಿ ಕೆನೆಯ ಗಂಜಿ ಮಾಡಿದೆ, ಮೇಲೆ ಸಕ್ಕರೆ, ದಾಲ್ಚಿನ್ನಿ, ನಡುವೆ ಕರಗುತ್ತಿರುವ ಬೆಣ್ಣೆಯ ಕಣ್ಣು. ಡಿಸೆಂಬರಿನ ಲೂಸಿಯಾ ಹಬ್ಬಕ್ಕೆ ಕೇಸರಿ ಬನ್ನು ಮಾಡುವ ಯೋಚನೆ. ಹಿಟ್ಟಿಗೆ ಮೊಸರು ಚೀಸ್ ಸೇರಿಸಿದರೆ ಒಣಗುವುದಿಲ್ಲ ಅಂತ ಓದಿದ್ದೇನೆ. ಒಂದೊಂದು ಸುರುಳಿಗೂ ಎರಡೆರಡು ಒಣದ್ರಾಕ್ಷಿ ಇಡಬೇಕು, ಬೇಯುವಾಗ ಹೊರಗೆ ಹಾರದ ಹಾಗೆ ಆಳಕ್ಕೆ ಒತ್ತಬೇಕು.

ಮಿಲ್ಡಾಳ ರೂಮು ಬಿಟ್ಟೆ. ಕ್ಯಾಂಟೀನಿನ ಮೇಲೆಯೇ ಒಂದು ಚಿಕ್ಕ ಕೋಣೆ ಸಿಕ್ಕಿತು. ಅವಳದು ಅತಿಯಾಯಿತು. ನಾನು ಎದ್ದರೆ, ಕೂತರೆ, ಕೋಟು ಹಾಕಿಕೊಂಡರೆ ಎಲ್ಲಕ್ಕೂ ಒಂದು ಮಾತು. ಫೋಟೋ ಕೇಳಬೇಡ, ಮೊಬೈಲಿನ ಕ್ಯಾಮೆರಾ ಹಾಳಾಗಿದೆ.

ನೀನು ಹುಷಾರಾಗು. ನೀನು ಹುಷಾರಾದರೆ ನನ್ನದೂ ಎಲ್ಲ ಸರಿಹೋಗುತ್ತದೆ.

ತೋರುನ್


ಸುಂಡ್ಸ್‌ವಾಲ್
12 ನವೆಂಬರ್ 2014

ತೋರುನ್,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೇ ಸಲ ಓದುವಾಗ ಅಡುಗೆಯ ಸಾಲುಗಳ ಕೆಳಗೆಲ್ಲ ಗೆರೆ ಎಳೆದೆ.

ಮೀನಿನ ಸೂಪು, ಬಾರ್ಲಿ ರೊಟ್ಟಿ, ಕುರಿ ಮಾಂಸ, ಕೆನೆ ಗಂಜಿ, ಇನ್ನೂ ಮಾಡದಿರುವ ಕೇಸರಿ ಬನ್ನು. ಇಷ್ಟೆಲ್ಲ ಬರೆದಿದ್ದೀಯ. ‘ನಾನು ತಿಂದೆ’ ಅಂತ ಎಲ್ಲೂ ಬರೆದಿಲ್ಲ. ಮೊದಲ ಕಾಗದವನ್ನೂ ತೆಗೆದು ನೋಡಿದೆ. ಅಲ್ಲೂ ಇಲ್ಲ.

ಇಲ್ಲಿ ನಾವೆಲ್ಲ ಹೀಗೇ ಮಾತಾಡುತ್ತೇವೆ ಕಣೇ. ದಿನವಿಡೀ ಅಡುಗೆಯ ಮಾತು. ಅಡುಗೆ ಪುಸ್ತಕ ಎದೆಗೆ ಅವುಚಿಕೊಂಡು ಮಲಗುವವರಿದ್ದಾರೆ. ಬೆಣ್ಣೆ ಕರಗುವುದನ್ನು ಅಷ್ಟು ಹೊತ್ತು ನೋಡುತ್ತಾ ನಿಲ್ಲುವವರು ಹೊಟ್ಟೆ ತುಂಬಿದವರಲ್ಲ. ಓಡುವುದು, ತಲೆ ಹಗುರವಾಗುವುದು, ಕೇಳುವವರಿಂದ ದೂರ ಹೋಗಿ ಒಂಟಿ ಕೋಣೆ ಹಿಡಿಯುವುದು, ಎಲ್ಲ ನನಗೆ ಗೊತ್ತು. ನೀನು ಬರೆದದ್ದನ್ನು ನಾನೇ ಬರೆದಿರಬಹುದಿತ್ತು. ಹೋದ ವರ್ಷ ಬರೆದಿರಬಹುದಿತ್ತು.

ನೀನು ಮುಖ ತೋರಿಸದೇ ಇರುವುದು ನನ್ನನ್ನು ನೋಡಲಾರದೆ ಅಲ್ಲ. ನಾನು ನಿನ್ನನ್ನು ನೋಡಬಾರದು ಅಂತ. ಹೌದಾ?

ಇನ್ನೊಂದು ಮಾತು ಹೇಳುತ್ತೇನೆ, ಇದನ್ನು ಬೇರೆ ಯಾರಿಗೂ ಹೇಳಲಾರೆ. ಇದು ಹೊಳೆದ ಕೂಡಲೇ ನನಗೆ ಮೊದಲು ಬಂದದ್ದು ಭಯ ಅಲ್ಲ, ಹೊಟ್ಟೆಕಿಚ್ಚು. ಅವಳು ನನಗಿಂತ ತೆಳ್ಳಗಾಗಿದ್ದಾಳಾ ಅಂತ. ನನ್ನೊಳಗೆ ಇರುವುದು ಎಂಥದು ನೋಡು. ಅದು ನಿನ್ನೊಳಗೂ ಇದ್ದರೆ, ನೀನು ಅಲ್ಲಿ ಸಮುದ್ರದ ನಡುವೆ ಅದರ ಜೊತೆ ಒಬ್ಬಳೇ ಇದ್ದೀಯ.

ನಾನು ತಪ್ಪಾಗಿದ್ದರೆ ಬೈದು ಬರಿ. ದಯವಿಟ್ಟು ಬೈದು ಬರಿ.

ಹಿಲ್ಲೆವಿ


ಫ್ರೊಯಾ
23 ನವೆಂಬರ್ 2014

ಹಿಲ್ಲೆವಿ,

ಕಾಮಾಲೆ ಆದವರಿಗೆ ಎಲ್ಲವೂ ಹಳದಿಯಾಗಿ ಕಾಣುವ ಹಾಗೆ ನಿನಗೆ ಎಲ್ಲರಲ್ಲೂ ನಿನ್ನ ಕಾಯಿಲೆ ಕಾಣುತ್ತಿದೆ. ನಾನು ದಿನಾ ಕೆಲಸಕ್ಕೆ ಹೋಗುತ್ತಿದ್ದೇನೆ. ದೊಡ್ಡ ದೊಡ್ಡ ಪಾತ್ರೆ ಎತ್ತುತ್ತಿದ್ದೇನೆ. ಹಾಸಿಗೆ ಹಿಡಿದವಳು ನೀನು.

ಇಷ್ಟು ಬರೆದು ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಮತ್ತೆ ಹರಿದು ತೆಗೆದಿದ್ದೇನೆ.

ನೀನು ಆಸ್ಪತ್ರೆ ಸೇರಿದೆ ಅಂತ ಅಮ್ಮ ಫೋನ್ ಮಾಡಿದ ದಿನ ನಾನು ಒಂದು ಪರೀಕ್ಷೆ ಮಾಡಿದೆ. ನನ್ನಲ್ಲೂ ಅದು ಇದೆಯಾ ಅಂತ ತಿಳಿಯಬೇಕಿತ್ತು. ಒಂದು ದಿನ ತಿನ್ನದೇ ಇದ್ದು ನೋಡೋಣ, ಎಲ್ಲರ ಹಾಗೆ ಹಸಿದು ಸಿಟ್ಟು ಬಂದರೆ ನಾನು ಪಾರು ಅಂದುಕೊಂಡೆ. ಸಿಟ್ಟು ಬರಲಿಲ್ಲ, ಹಿಲ್ಲೆವಿ. ಹುಟ್ಟಿದಾಗಿನಿಂದ ತಲೆಯೊಳಗೆ ಕಿರುಗುಟ್ಟುತ್ತಿದ್ದ ರೇಡಿಯೋವನ್ನು ಯಾರೋ ಬಂದು ಆರಿಸಿದ ಹಾಗಾಯಿತು. ಅಂಥ ನೆಮ್ಮದಿ. ಆ ನೆಮ್ಮದಿಯಲ್ಲೇ ನನಗೆ ಗೊತ್ತಾಯಿತು, ಇದೆ ಅಂತ. ಗೊತ್ತಾದ ಮೇಲೆ ಹೆದರಿಕೆ. ಹೆದರಿಕೆ ಹೋಗಬೇಕಾದರೆ ಮತ್ತೆ ತಿನ್ನಬಾರದು. ಹೀಗೆ ಶುರುವಾಗಿ ಈಗ ಅದನ್ನು ನಾನು ಮಾಡುತ್ತಿಲ್ಲ, ಅದು ನನ್ನನ್ನು ಮಾಡುತ್ತಿದೆ.

ಮೊನ್ನೆ ಸೌಟು ಕೈಯಿಂದ ಜಾರಿತು. ಬೆರಳುಗಳು ನೀಲಿಯಾಗಿದ್ದವು. ಫ್ರೀಜರ್ ಕೋಣೆಯಿಂದ ಬಂದೆ ಅಂತ ಹೇಳಿದೆ, ನಂಬಿದರು. ಮೆಟ್ಟಿಲು ಹತ್ತುವಾಗ ಎದೆ ಒಂದು ಬಡಿತ ತಪ್ಪಿಸಿ ಆಮೇಲೆ ನೆನಪಾದ ಹಾಗೆ ಬಡಿಯುತ್ತದೆ.

ಅಮ್ಮನಿಗೆ ಹೇಳಬೇಡ. ಅಪ್ಪನಿಗೆ ಅಂತೂ ಬೇಡವೇ ಬೇಡ, ಅವನು ಎಬ್ಬಾ ಅತ್ತೆಯನ್ನು ಹೂತು ಬಂದವನು. ನಿನ್ನ ಡಾಕ್ಟರಿಗೂ ಬೇಡ. ಕ್ರಿಸ್ಮಸ್ ಆಗಲಿ, ನಾನೇ ಸರಿ ಮಾಡಿಕೊಳ್ಳುತ್ತೇನೆ. ನೀನು ಬಾಯಿ ಬಿಟ್ಟರೆ ಜನ್ಮದಲ್ಲಿ ನಿನ್ನ ಜೊತೆ ಮಾತಾಡುವುದಿಲ್ಲ. ನನ್ನಾಣೆ.

ತೋರುನ್


ಸುಂಡ್ಸ್‌ವಾಲ್
28 ನವೆಂಬರ್ 2014

ತೋರುನ್,

ಹೇಳಿಬಿಟ್ಟೆ.

ನಿನ್ನ ಕಾಗದ ಓದಿ ಮುಗಿದ ಕೂಡಲೇ ಡಾಕ್ಟರ್ ಆಸ್ಪ್ಲುಂಡ್ ಕೋಣೆಗೆ ಹೋದೆ. ಒಳಗೆ ಯಾರೋ ಇದ್ದರು, ಕಾಯಲಿಲ್ಲ. ಅವರು ಓದಿ, ಅಲ್ಲಿ ಅವಳ ಹತ್ತಿರ ಯಾರಿದ್ದಾರೆ ಅಂತ ಒಂದೇ ಪ್ರಶ್ನೆ ಕೇಳಿದರು. ಮಿಲ್ಡಾ ಅಂದೆ. ಫ್ಯಾಕ್ಟರಿಗೆ ಫೋನ್ ಮಾಡಿ ಅವಳನ್ನು ಕೆಲಸದ ನಡುವೆ ಕರೆಸಿದೆವು. ನಾನು ಯಾರು ಅಂತ ಹೇಳುತ್ತಿದ್ದ ಹಾಗೇ ಅವಳು ನಿಲ್ಲಿಸಿದಳು. ‘ನಿನ್ನ ಧ್ವನಿ ಅವಳದ್ದೇ. ಯಾರಾದ್ರೂ ಫೋನ್ ಮಾಡ್ಲಿ ಅಂತ ಎಷ್ಟು ದಿನದಿಂದ ಕಾಯ್ತಿದ್ದೀನಿ. ನನ್ನ ಮಾತು ಅವಳು ಕೇಳಲ್ಲ’ ಅಂದಳು. ಕೈಗವಸು ಕಳಚುವ ಸದ್ದು ಕೇಳಿಸಿತು.

ಅಮ್ಮನಿಗೂ ನಾನೇ ಹೇಳಿದೆ. ಈ ಕಾಗದ ನಿನಗೆ ತಲುಪುವ ಮುಂಚೆಯೇ ನಿನ್ನನ್ನು ಎಲ್ಲಿಗೋ ಕರೆದುಕೊಂಡು ಹೋಗಿರುತ್ತಾರೆ. ಆದರೂ ನನ್ನ ಕೈಯಿಂದಲೇ ನಿನಗೆ ತಿಳಿಯಬೇಕು ಅಂತ ಬರೆಯುತ್ತಿದ್ದೇನೆ.

ಮಾತು ಬಿಡು. ಬದುಕಿದ್ದು ಮಾತು ಬಿಡು.

ಹಿಲ್ಲೆವಿ


ಸುಂಡ್ಸ್‌ವಾಲ್
15 ಡಿಸೆಂಬರ್ 2014

ತೋರುನ್,

ಟ್ರೋಂಡ್‌ಹೆಮ್ ಆಸ್ಪತ್ರೆಯ ವಿಳಾಸ ಅಮ್ಮ ಕೊಟ್ಟಳು. ಇದು ಅಲ್ಲಿಗೆ ಬರೆಯುತ್ತಿರುವ ಮೂರನೇ ಕಾಗದ. ಮೊದಲ ಎರಡನ್ನು ನೀನು ಒಡೆದಿಲ್ಲವಂತೆ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೀಯಂತೆ. ಎಸೆದಿಲ್ಲವಲ್ಲ.

ದ್ವೀಪದ ಡಾಕ್ಟರ್ ನಿನ್ನ ನಾಡಿ ನೋಡಿ ಹೆಲಿಕಾಪ್ಟರ್ ಕರೆಸಿದ್ದು, ದಾರಿಯುದ್ದಕ್ಕೂ ಮಿಲ್ಡಾ ನಿನ್ನ ಪಾದಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದು, ಎಲ್ಲ ಅಮ್ಮನಿಂದ ತಿಳಿಯಿತು. ಅಮ್ಮ ಈಗ ಫೋನಿನಲ್ಲಿ ಅಳುವುದಿಲ್ಲ. ಮೊದಲು ಅವಳು ಅಳುತ್ತಾಳೆ ಅಂತ ಹೆದರುತ್ತಿದ್ದೆ. ಈಗ ಅಳುವುದಿಲ್ಲವಲ್ಲ ಅಂತ ಹೆದರಿಕೆ. ಪ್ರತಿ ಸಂಜೆ ಮೊಬೈಲ್ ಕೈಗೆ ಬಂದಾಗ, ಅಮ್ಮ ‘ಹಲೋ’ ಅನ್ನುವ ಧಾಟಿಯಲ್ಲೇ ನೀನು ಇದ್ದೀಯೋ ಇಲ್ಲವೋ ಅಂತ ಲೆಕ್ಕ ಹಾಕುತ್ತೇನೆ.

ನಿನ್ನನ್ನು ಕರೆದುಕೊಂಡು ಹೋದ ಮೇಲೆ ನನಗೂ ತುತ್ತು ಇಳಿಯಲಿಲ್ಲ. ನೀನು ತಿನ್ನದಿರುವಾಗ ನಾನು ತಿನ್ನುವುದು ದ್ರೋಹ ಅನಿಸಿತು. ಮೇಜಿನಲ್ಲಿ ಚಮಚ ಕೆಳಗಿಟ್ಟು ಕೂತಿದ್ದೆ. ಡಾಕ್ಟರ್ ಬಂದು ಎದುರು ಕೂತರು. ‘ನೀನು ಉಪವಾಸ ಇದ್ರೆ ಅವಳ ಎದೆ ಸರಿ ಬಡಿಯುತ್ತಾ? ನಿಮ್ಮಿಬ್ಬರದೂ ಒಂದೇ ರಕ್ತ ಇರಬಹುದು, ಹೊಟ್ಟೆ ಎರಡು’ ಅಂದರು. ನಾನು ಚಮಚ ಎತ್ತುವವರೆಗೂ ಎದ್ದು ಹೋಗಲಿಲ್ಲ.

ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ.

ಹಿಲ್ಲೆವಿ


ಟ್ರೋಂಡ್‌ಹೆಮ್
9 ಜನವರಿ 2015

ಹಿಲ್ಲೆವಿ,

ನಿನ್ನನ್ನು ಕ್ಷಮಿಸಿದ್ದೇನೆ ಅಂತ ತಿಳಿಯಬೇಡ. ಮಾತಾಡುವುದಿಲ್ಲ ಅಂದಿದ್ದೆ, ಬರೆಯುವುದಿಲ್ಲ ಅಂದಿರಲಿಲ್ಲ.

ಮೂಗಿನಲ್ಲಿ ನಳಿಕೆ ಹಾಕಿದ್ದರು. ಅದನ್ನು ಎರಡು ಸಲ ನಾನೇ ಕಿತ್ತೆ. ಮೂರನೇ ಸಲ ನರ್ಸ್ ನನ್ನ ಕೈ ಹಿಡಿದುಕೊಂಡು ಅಲ್ಲೇ ಕೂತಳು, ಪಾಳಿ ಮುಗಿದ ಮೇಲೂ. ಆಗೆಲ್ಲ ನಿನಗೆ ಬೈಯುತ್ತಿದ್ದೆ. ಈ ಬಾಯಿಂದ ಎಂತೆಂಥ ಮಾತು ಬಂತು ಅಂತ ಅಮ್ಮನನ್ನು ಕೇಳಬೇಡ.

ಆಹಾರ ಸ್ವಲ್ಪ ಒಳಗೆ ಹೋದ ಮೇಲೆ ರೇಡಿಯೋ ಮತ್ತೆ ಶುರುವಾಗಿದೆ. ಜೋರಾಗಿ. ನನ್ನ ಇಡೀ ಜೀವಮಾನ ಇದನ್ನು ಕೇಳಿಕೊಂಡೇ ಇರಬೇಕಾ? ಇಲ್ಲಿನ ಡಾಕ್ಟರನ್ನು ಕೇಳಿದೆ, ಮುಂದೆ ನನಗೆ ಮಗು ಆದರೆ ಅದಕ್ಕೂ ಈ ಕಾಯಿಲೆ ಹೋಗುತ್ತದಾ ಅಂತ. ಹೋಗಬಹುದು, ಹೋಗದೇ ಇರಬಹುದು ಅಂದ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಮಾಡಲಿಲ್ಲ. ಆ ಮನುಷ್ಯನ ಮೇಲೆ ಅದಕ್ಕೇ ಸ್ವಲ್ಪ ನಂಬಿಕೆ ಬಂತು.

ಅಪ್ಪ ಬಂದಿದ್ದ. ಓಡಾಡಲಿಲ್ಲ ಕಣೇ. ಮಂಚದ ಕಾಲ ಬಳಿ ಕುರ್ಚಿ ಎಳೆದು ಕೂತವನು ಅಲ್ಲೇ ಕೂತ. ‘ಎಬ್ಬಾ ಎದುರು ಯಾರೂ ಹೀಗೆ ಕೂತಿರ್ಲಿಲ್ಲ. ಮನೆಯವರೆಲ್ಲ ತಿಂದು ಎದ್ದು ಹೋಗ್ತಿದ್ವಿ’ ಅಂದ. ಅವನು ತಂದಿದ್ದ ಕಿತ್ತಳೆ ಸುಲಿದು ಅರ್ಧ ತಿಂದೆ. ಉಳಿದರ್ಧ ಅವನು ತಿಂದ.

ನಿನ್ನ ಕಾಗದಗಳನ್ನೆಲ್ಲ ಒಡೆದೆ. ನೀನು ಹೇಳದೇ ಇದ್ದಿದ್ದರೆ ಕೇಸರಿ ಬನ್ನಿನ ಹೊತ್ತಿಗೆ ನಾನು ಇರುತ್ತಿರಲಿಲ್ಲವಂತೆ. ಇದು ಡಾಕ್ಟರ್ ಹೇಳಿದ್ದು, ನಾನು ಒಪ್ಪಿಕೊಂಡಿದ್ದೇನೆ ಅಂತ ಅಲ್ಲ.

ನೋಡಬೇಕು ಅನಿಸಿದರೆ ಬಾ. ಹೆದರಬೇಡ ಅಂತ ನಾನು ಹೇಳುವುದಿಲ್ಲ.

ತೋರುನ್


ಸುಂಡ್ಸ್‌ವಾಲ್
17 ಜನವರಿ 2015

ತೋರುನ್,

ಬರುತ್ತಿದ್ದೇನೆ. ಡಾಕ್ಟರ್ ಎರಡು ದಿನ ಯೋಚಿಸಿ ಒಪ್ಪಿಗೆ ಕೊಟ್ಟರು. ನಾನು ಇನ್ನೂ ಪೂರ್ತಿ ಗುಣವಾಗಿಲ್ಲ, ನಿನ್ನನ್ನು ನೋಡಿ ಮತ್ತೆ ಜಾರಬಹುದು ಅಂತ ಅವರಿಗೆ ಅಳುಕು. ನನಗೂ. ಅಮ್ಮ ಜೊತೆಗೆ ಬರುತ್ತೇನೆ ಅಂದಳು, ಬೇಡ ಅಂದೆ. ದಾರಿಯಲ್ಲಿ ರೈಲು ಬದಲಿಸುವ ಕಡೆ, ಗುರುತಿಲ್ಲದವರ ನಡುವೆ ಕೂತು ಊಟ ಮಾಡಬೇಕು. ಯಾರೂ ನೋಡದಿದ್ದರೂ ಮಾಡಬೇಕು. ನಿನ್ನ ಹತ್ತಿರ ಖಾಲಿ ಹೊಟ್ಟೆಯಲ್ಲಿ ಬಂದು ‘ತಿನ್ನು’ ಅನ್ನುವ ಮುಖ ನನಗಿಲ್ಲ.

ನನಗೆ ಹೆದರಿಕೆ ಇರುವುದು ಒಂದೇ. ಬಾಗಿಲು ತೆಗೆದಾಗ ನಾನು ಮೊದಲು ನೋಡುವುದು ನಿನ್ನ ಮುಖವನ್ನೋ, ಎಷ್ಟು ತೆಳ್ಳಗಾಗಿದೆ ಅಂತ ನಿನ್ನ ಮಣಿಕಟ್ಟನ್ನೋ? ಮಣಿಕಟ್ಟನ್ನು ನೋಡಿದರೆ ನನಗೆ ಹೇಳು. ನಾನು ಹೊರಗೆ ಹೋಗಿ ಮತ್ತೆ ಬರುತ್ತೇನೆ.

ಹಿಲ್ಲೆವಿ


ಟ್ರೋಂಡ್‌ಹೆಮ್
1 ಫೆಬ್ರವರಿ 2015

ಹಿಲ್ಲೆವಿ,

ನೀನು ಮಣಿಕಟ್ಟನ್ನೇ ನೋಡಿದೆ. ನಾನೂ ನಿನ್ನದನ್ನೇ ನೋಡಿದೆ. ಇಬ್ಬರೂ ಹೇಳಲಿಲ್ಲ, ನೀನು ಹೊರಗೆ ಹೋಗಿ ಬರಲೂ ಇಲ್ಲ. ಈಗ ಬರೆಯುತ್ತಿದ್ದೇನೆ, ಇನ್ನು ಮೇಲೆ ಇಂಥದನ್ನು ಬಚ್ಚಿಡುವುದು ನನ್ನ ಕೈಲಾಗದು.

ಆ ದಿನ ಮಧ್ಯಾಹ್ನ ನರ್ಸ್ ನನ್ನ ತಟ್ಟೆ ತಂದು ನಿನ್ನ ಮುಂದೆ ಇಟ್ಟಳಲ್ಲ, ಯಾರು ರೋಗಿ ಅಂತ ಗೊತ್ತಾಗದೆ. ಅದನ್ನು ನೀನು ನನ್ನ ಕಡೆ ತಳ್ಳುತ್ತೀಯ, ನಾನು ತಲೆನೋವು ಅನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ನೀನು ‘ಇನ್ನೊಂದು ತಟ್ಟೆ ತನ್ನಿ’ ಅಂದೆ. ನಿನ್ನ ಫೋರ್ಕು ತಟ್ಟೆಗೆ ತಗುಲಿ ಟಕಟಕ ಅನ್ನುತ್ತಿತ್ತು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳದೆ ಅಗಿಯುತ್ತಿದ್ದೆ. ನೋಡಲು ಚೆನ್ನಾಗಿರಲಿಲ್ಲ. ನನ್ನದೇ ಮುಖ, ನನಗಿಂತ ಸ್ವಲ್ಪ ಮುಂದೆ ಹೋದ ಮುಖ, ಹೆದರಿಕೊಂಡೇ ತಿನ್ನುತ್ತಿತ್ತು. ಹೆದರಿಕೆ ಹೋದ ಮೇಲೆ ತಿನ್ನಬೇಕು ಅಂತ ನಾನು ಇಷ್ಟು ದಿನ ಕಾಯುತ್ತಿದ್ದೆ. ಅದು ಮೊದಲು ಹೋಗುವುದಿಲ್ಲ ಅಂತ ಆಗ ಗೊತ್ತಾಯಿತು. ನಾನು ಅರ್ಧ ತಿಂದೆ.

ನೀನು ಬಂದಾಗ ಕೊನೆಗೆ ನಾನೂ ರಕ್ತ ಕೊಟ್ಟಿದ್ದು ಒಳ್ಳೆಯದಾಯಿತು. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ, ಸಾವಿರಾರು ಜನರದ್ದನ್ನು ಸೇರಿಸಿ ನೋಡಿದರೆ ಮಾತ್ರ ಏನಾದರೂ ಕಾಣುತ್ತದೆ ಅಂದರು. ಇರಲಿ. ಎಬ್ಬಾ ಅತ್ತೆಯದು ಮಣ್ಣಿಗೆ ಹೋಯಿತು, ನಮ್ಮದು ಎಲ್ಲಿಗೋ ಒಂದು ಕಡೆ ಹೋಗಲಿ.

ಮಿಲ್ಡಾ ಶನಿವಾರ ಬರುತ್ತಾಳಂತೆ. ಕ್ಯಾಂಟೀನಿಗೆ ವಾಪಸ್ ಬರಬೇಡ, ಬೇರೆ ಕೆಲಸ ನೋಡು ಅಂತ ಆಗಲೇ ಉಪದೇಶ ಶುರು ಮಾಡಿದ್ದಾಳೆ. ಅವಳು ಹೇಳುವುದು ಸರಿ. ಅದನ್ನು ಅವಳಿಗೆ ಹೇಳಬೇಡ.

ನೀನು ಸ್ಟೇಷನ್ನಿಗೆ ಹೊರಟ ಮೇಲೆ ಸಂಜೆಯ ಊಟ ಬಂತು. ಮೀನು, ಆಲೂಗಡ್ಡೆ, ಬೆಣ್ಣೆ. ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನರ್ಸ್ ಬಾಗಿಲ ಹತ್ತಿರ ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದಳು. ಬೇಕಾಗಿದ್ದರೆ ತಟ್ಟೆಯಲ್ಲಿದ್ದದ್ದನ್ನು ಎಲ್ಲಾದರೂ ಬಚ್ಚಿಡಬಹುದಿತ್ತು. ಬಹಳ ಹೆದರಿಕೆಯಾಯಿತು, ಹಿಲ್ಲೆವಿ.

ತಿಂದೆ.

ತೋರುನ್